ಲಿಫ್ಟಿಗೆ ಸಿಕ್ಕ ಅತ್ತೆಯ ಬಾಯಿ

ನಮ್ಮ ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಬೆನ್ನ ಹಿಂದೆ ತರಲೆಯಕ್ಕ, ಎದುರಿಗೆ ಬರೀ ಅಕ್ಕ. ಬೆನ್ನ ಹಿಂದಿನ ಹೆಸರು ಅವಳಿಗೆ ಗೊತ್ತಿಲ್ಲವೆಂದಲ್ಲ. ತಾನು ಬಂದಾಗ ಯಾರಾದರೂ ಮಾತು ನಿಲ್ಲಿಸಿದರೆ, "ತರಲೆ ಬಂತು, ಮುಂದುವರಿಸಿ" ಎಂದು ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದಳು.

ನಾವು ಮಾಡುವುದು ಲಿಫ್ಟಿನೊಳಗೆ ಮಾತಾಡುವ ಡಬ್ಬಿ. ಗುಂಡಿಗಳ ಹಲಗೆಯ ಹಿಂದೆ ಯಾರಿಗೂ ಕಾಣದಂತೆ ಕೂತು, ‘ಬಾಗಿಲು ಮುಚ್ಚುತ್ತಿದೆ’, ‘ಎರಡನೇ ಮಹಡಿ’ ಎಂದು ಜೇನು ಸವರಿದ ದನಿಯಲ್ಲಿ ಹೇಳುತ್ತದಲ್ಲ, ಅದು. ಆ ಡಬ್ಬಿಗೆ ಬೇಕಾದ ಪ್ರೋಗ್ರಾಮನ್ನೂ ಧ್ವನಿಯ ತುಣುಕುಗಳನ್ನೂ ಸೇರಿಸಿ ಪೊಟ್ಟಣ ಕಟ್ಟುವುದಕ್ಕೆ ಒಂದು ಸ್ಕ್ರಿಪ್ಟ್ ಇತ್ತು. ಸ್ಕ್ರಿಪ್ಟ್ ಎಂದರೆ ಇನ್ನೇನಲ್ಲ, ಕಂಪ್ಯೂಟರ್ ಒಂದಾದ ಮೇಲೊಂದು ಮಾಡಬೇಕಾದ ಕೆಲಸಗಳನ್ನು ಸಾಲುಸಾಲಾಗಿ ಬರೆದಿಟ್ಟ ಕಡತ. ಅದರ ಯಜಮಾನಿ ನಮ್ಮ ಅಕ್ಕ.

ಯಜಮಾನಿಕೆ ಎಂದರೆ ಸಾಮಾನ್ಯದ್ದಲ್ಲ. ಬೇರೆ ಕಡೆ ಯಾರಾದರೂ ಬರೆದ ಪ್ರೋಗ್ರಾಮ್ ಮಧ್ಯದಲ್ಲಿ ಮುಗ್ಗರಿಸಿದರೆ ಪರದೆಯ ಮೇಲೆ ಕೆಂಪಕ್ಷರದ ಒಣ ಸಂದೇಶ ಬರುತ್ತದೆ. ನಮ್ಮಲ್ಲಿ ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂದು ಬರುತ್ತಿತ್ತು. ಮತ್ತೆ ಅದೇ ತಪ್ಪು ಮಾಡಿದರೆ ‘ಮಾಡಿದ್ದುಣ್ಣೋ ಮಹರಾಯ’. ಒಮ್ಮೆ ಮ್ಯಾನೇಜರು ಹೊಸ ಗಿರಾಕಿಗಳನ್ನು ಕೂರಿಸಿಕೊಂಡು ನಮ್ಮ ಕೆಲಸದ ಅಚ್ಚುಕಟ್ಟನ್ನು ವರ್ಣಿಸುತ್ತಿರುವಾಗಲೇ ಗೋಡೆಯಗಲದ ಪರದೆಯ ಮೇಲೆ ‘ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ’ ಎಂದು ಮೂಡಿತು. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮ್ಯಾನೇಜರು ಮಾತ್ರ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಅಕ್ಕ ನಿಂತಿರಲಿಲ್ಲ. ಅಂಥ ಹೊತ್ತಿನಲ್ಲಿ ಅವಳು ಎಲ್ಲೂ ಇರುತ್ತಿರಲಿಲ್ಲ.

ಅವಳ ಮನೆಯಲ್ಲಿ ಮೂವರು. ಗಂಡ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವವನು. ದಿನವಿಡೀ ಬೇರೆಯವರ ಬಾಯಿಯ ಅಚ್ಚುಗಳ ಮುಂದೆ ಕೂತು ಕೂತು ತನಗೂ ಒಂದು ಬಾಯಿ ಇದೆ ಎಂಬುದನ್ನು ಮರೆತವನಂತಿದ್ದ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವರು ಅವನ ತಾಯಿ. ಈ ಅತ್ತೆಯ ಮಾತಿನಲ್ಲಿ ಒಂದು ವಿಶೇಷವಿತ್ತು. ಮಗನೇ ಕೈಯಾರೆ ಮಾಡಿಕೊಟ್ಟ ಕಟ್ಟುಹಲ್ಲಿನಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದು, ‘ಸ’ ಬಂದಾಗಲೆಲ್ಲ ಸಣ್ಣಗೆ ಸಿಳ್ಳೆ ಕೇಳುತ್ತಿತ್ತು. "ಕೊಡಮ್ಮ, ತಿದ್ದಿ ಕೊಡ್ತೀನಿ" ಎಂದು ಮಗ ಹೇಳಿದರೆ, "ಸಾಕು ಸುಮ್ನಿರು. ಸಿಳ್ಳೆ ಹೊಡೆಯೋ ವಯಸ್ಸಲ್ಲಿ ಯಾರೂ ಬಿಡ್ಲಿಲ್ಲ, ಈಗ್ಲಾದ್ರೂ ಹೊಡೀತೀನಿ" ಎನ್ನುತ್ತಿದ್ದರು.

ಕತೆ ಶುರುವಾಗುವುದು ಆಫೀಸಿನ ಪರೀಕ್ಷೆ ಕೋಣೆಯಿಂದ. ಅಲ್ಲಿ ಗೋಡೆಗೆ ಜಡಿದ ಗುಂಡಿಗಳ ಹಲಗೆ, ಎಲ್ಲಿಗೂ ಹೋಗದ ಒಂದು ಸುಳ್ಳು ಲಿಫ್ಟಿನ ಬಾಗಿಲು. ಸ್ಕ್ರಿಪ್ಟ್ ಪ್ರತಿ ಸಲವೂ ಎರಡು ಪೊಟ್ಟಣ ಕಟ್ಟುತ್ತಿತ್ತು: ಮೊದಲನೆಯದು ಈ ಕೋಣೆಯ ಪರೀಕ್ಷೆಗೆ, ಎರಡನೆಯದು ಗಿರಾಕಿಗಳಿಗೆ. ಎರಡಕ್ಕೂ ಅದೇ ಜೇನಿನ ದನಿ ಇದ್ದುದರಿಂದ ಡಬ್ಬಿಯಲ್ಲಿ ಯಾವುದು ಕೂತಿದೆಯೆಂದು ಗೊತ್ತಾಗುತ್ತಿರಲಿಲ್ಲ. ಒಮ್ಮೆ ಪರೀಕ್ಷೆಯ ಪೊಟ್ಟಣ ತುಂಬಿದ ಕಾರ್ಡೇ ಗಿರಾಕಿಗೆ ಹೊರಟು, ಗೇಟಿನ ತನಕ ಹೋಗಿ ವಾಪಸ್ ಬಂತು. ಮ್ಯಾನೇಜರಿಗೆ ಬೆವರು.

"ಏನಾದ್ರೂ ಮಾಡ್ರೀ. ಕೇಳಿದ ತಕ್ಷಣ ಇದು ಪರೀಕ್ಷೆದು ಅಂತ ಗೊತ್ತಾಗ್ಬೇಕು."

"ಕೇಳಿದ ತಕ್ಷಣ ಗೊತ್ತಾಗೋ ದನಿ ಒಂದು ನನ್ ಹತ್ರ ಇದೆ ಸರ್" ಎಂದಳು ಅಕ್ಕ.

ಯಾರದ್ದು ಎಂದು ಅವರು ಕೇಳಲಿಲ್ಲ. ಇವಳು ಹೇಳಲೂ ಇಲ್ಲ.

ಮನೆಗೆ ಹೋದವಳೇ ಅಡಿಗೆಮನೆಯ ಉಪ್ಪಿನ ಡಬ್ಬದ ಹಿಂದೆ ಫೋನ್ ನಿಲ್ಲಿಸಿ, ಧ್ವನಿಮುದ್ರಣ ಚಾಲೂ ಮಾಡಿ, ಏನೂ ಅರಿಯದವಳಂತೆ ತರಕಾರಿ ಹೆಚ್ಚುತ್ತ ಕೂತಳು. ಕಾಯಬೇಕಾದ ಕಷ್ಟವೇ ಬರಲಿಲ್ಲ. ಗಂಡ ಫ್ರಿಜ್ಜಿನ ಬಾಗಿಲು ತೆಗೆದು ಯೋಚಿಸುತ್ತ ನಿಂತ. "ಬಾಗ್ಲು ತೆಗೆದಿಟ್ಕೊಂಡು ಏನ್ ಧ್ಯಾನ ಮಾಡ್ತಿದ್ದೀಯಾ? ಮುಚ್ಚು ಮೊದ್ಲು!" ಲಿಫ್ಟಿನ ಬಾಗಿಲು ಬಹಳ ಹೊತ್ತು ತೆರೆದೇ ಇದ್ದರೆ ಹೇಳಬೇಕಾದ ಮಾತು ಸಿಕ್ಕಿತು. ಅವನು ತಾರಸಿಗೆ ಹೊರಟ. "ಮತ್ತೆ ಮೇಲೆ ಹೊರಟ್ಯಾ? ಮೇಲೇನು ನಿಧಿ ಹೂತಿಟ್ಟಿದ್ದೀಯಾ?" ಲಿಫ್ಟ್ ಮೇಲೇರುವುದಕ್ಕೆ ಅದಾಯಿತು. ಊಟಕ್ಕೆ ಕರೆದರೂ ಬಾರದಿದ್ದಾಗ, "ಇಳೀತೀಯೋ, ನಾನೇ ಬರ್ಲೋ?" ನೆಂಟರು ಬಂದು ಎಲ್ಲರೂ ಒಟ್ಟಿಗೆ ಅಡಿಗೆಮನೆಗೆ ನುಗ್ಗಿದ ದಿನ, "ಸಾಕು ಸಾಕು! ಒಂದೇ ಸಲಕ್ಕೆ ಎಷ್ಟು ಜನ ನುಗ್ತೀರಾ? ಕೊನೇಲಿ ಬಂದೋರು ಆಚೆ ನಡೀರಿ!" ಭಾರ ಹೆಚ್ಚಾದಾಗಿನ ಎಚ್ಚರಿಕೆಗೆ ಇದಕ್ಕಿಂತ ಬೇಕೆ? ಮಹಡಿಗಳ ಲೆಕ್ಕ ಸಿಕ್ಕಿದ್ದು ಒಗೆದ ದಿಂಬಿನ ಕವರುಗಳನ್ನು ಮಡಿಸುವಾಗ: "ಒಂದು… ಎರಡು… ಅಯ್ಯೋ, ಮೂರನೇದು ಎಲ್ಲಿ ಹೋಯ್ತು?"

ಇನ್ನೊಂದು ಮಾತು ಬಯಸದೆ ಬಂದದ್ದು. ಒಂದು ಸಂಜೆ ಕರೆಂಟ್ ಹೋಯಿತು. ಕತ್ತಲಲ್ಲಿ ಅಕ್ಕನ ಹೆಗಲ ಮೇಲೆ ಮೆತ್ತಗಿನದೇನೋ ಬಿತ್ತು. ಹಲ್ಲಿ. ಅಕ್ಕ ಕಿಟಾರನೆ ಕಿರುಚಿದಳು. ಅತ್ತೆ ತಡವರಿಸಿಕೊಂಡು ಬಂದು ಅವಳ ಕೈ ಹಿಡಿದು, ಯಾವತ್ತೂ ಇಲ್ಲದ ದನಿಯಲ್ಲಿ, "ಹೆದರ್ಬೇಡ, ನಾನಿಲ್ಲೇ ಇದ್ದೀನಲ್ಲ" ಎಂದರು. ಉಪ್ಪಿನ ಡಬ್ಬದ ಹಿಂದಿನ ಫೋನ್ ಅದನ್ನೂ ಕೇಳಿಸಿಕೊಂಡಿತ್ತು. ಅಕ್ಕ ಅದನ್ನು ಅಪಾಯದ ಗಂಟೆಯ ಗುಂಡಿಗೆ ಇಟ್ಟಳು.

ಮಾರನೆಯ ವಾರದಿಂದ ಪರೀಕ್ಷೆ ಕೋಣೆಯಲ್ಲಿ ಜನವೋ ಜನ. ಕೆಲಸವಿಲ್ಲದವರೂ ಬಂದು ಗುಂಡಿ ಒತ್ತಿ ಬೈಸಿಕೊಂಡು ಹೋಗುತ್ತಿದ್ದರು.

ಇದನ್ನೆಲ್ಲ ಅಕ್ಕ ಸ್ಕ್ರಿಪ್ಟಿನಲ್ಲಿ ಸೇರಿಸಿದ್ದು ಒಂದೇ ಸಾಲಿನಲ್ಲಿ:

VOICE=atte ./pack test

ಪೊಟ್ಟಣ ಕಟ್ಟುವ ಆಜ್ಞೆಯ ಮುಂದೆಯೇ, ಅದೇ ಸಾಲಿನಲ್ಲಿ, ದನಿ ಯಾರದ್ದೆಂದು ಬರೆದರೆ ಆ ಮಾತು ಆ ಒಂದು ಆಜ್ಞೆಗೆ ಮಾತ್ರ ಅನ್ವಯ. ಆಜ್ಞೆ ಮುಗಿಯಿತೋ, ಮಾತೂ ಮುಗಿಯಿತು. ಕೆಳಗಿನ ಸಾಲು ಗಿರಾಕಿಗಳ ಪೊಟ್ಟಣ ಕಟ್ಟುವಾಗ ಅತ್ತೆ ಯಾರೋ ಏನೋ ಅದಕ್ಕೆ ಗೊತ್ತೇ ಇರುವುದಿಲ್ಲ. ಯಾರ ದನಿಯೆಂದು ಯಾರೂ ಹೇಳದಿದ್ದರೆ ತಾನೇ ಜೇನಿನ ದನಿ ತೆಗೆದುಕೊಳ್ಳುತ್ತದೆ. ಅಷ್ಟು ಚಿಕ್ಕ ಬೇಲಿಯೊಳಗೆ ಅಷ್ಟು ದೊಡ್ಡ ಬಾಯಿಯನ್ನು ಕಟ್ಟಿಹಾಕಿದ್ದಳು ಅಕ್ಕ.

ಹೀಗಿರುವಾಗ ನಮ್ಮಲ್ಲಿಗೆ ಮೇಷ್ಟ್ರು ಬಂದರು. ಬಹಳ ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿ, ಬೇಸರ ಬಂದು ಪ್ರೋಗ್ರಾಮಿಂಗ್ ಕಲಿತು ಬಂದವರು. ಒಳ್ಳೆಯ ಮನುಷ್ಯ, ಒಳ್ಳೆಯ ಬುದ್ಧಿ. ಆದರೆ ಅಚ್ಚುಕಟ್ಟಿನ ಹುಚ್ಚು. ಮೇಜಿನ ಮೇಲೆ ಪೆನ್ನು ಸೊಟ್ಟಗಿದ್ದರೆ ಅದು ಬೇರೆಯವರ ಮೇಜಾದರೂ ನೆಟ್ಟಗಿಡುವವರು. ಅಕ್ಕ ರಜೆಯಲ್ಲಿದ್ದ ದಿನ ಅವರ ಕಣ್ಣಿಗೆ ಈ ಸಾಲು ಬಿತ್ತು.

"ಒಂದು ಸಾಲು, ಒಂದು ಕೆಲಸ" ಎಂದು ತಮಗೆ ತಾವೇ ಪಾಠ ಹೇಳಿಕೊಂಡು, ದನಿಯ ಭಾಗವನ್ನು ಮೇಲಿನ ಸಾಲಿಗೆ, ಆಜ್ಞೆಯನ್ನು ಕೆಳಗಿನ ಸಾಲಿಗೆ ಒಡೆದು ಬರೆದರು. ನೋಡುವುದಕ್ಕೆ ಚೆಂದವಾಯಿತು. ಆದರೆ ಓಡಿಸಿದರೆ ಪರೀಕ್ಷೆ ಕೋಣೆಯಲ್ಲಿ ಜೇನಿನ ದನಿ! ಒಡೆದು ಬರೆದ ಮೇಲೆ ಮೇಲಿನ ಸಾಲಿನ ಮಾತು ಕೆಳಗಿನ ಆಜ್ಞೆಯ ಕಿವಿಗೆ ಬೀಳುತ್ತಲೇ ಇರಲಿಲ್ಲ. ಮೇಷ್ಟ್ರು ಬಿಡುವವರೇ? ಅಲ್ಲಿ ಇಲ್ಲಿ ಓದಿ, ಮೇಲಿನ ಸಾಲಿನ ಮೊದಲಿಗೆ export ಎಂದು ಸೇರಿಸಿದರು. ಹಾಗೆಂದರೆ ‘ಇಲ್ಲಿಂದ ಮುಂದೆ ಬರುವ ಎಲ್ಲರಿಗೂ ಇದು ಅನ್ವಯ’ ಎಂದು ಸಾರಿದಂತೆ. ಗುಂಡಿ ಒತ್ತಿದರು. "ಬಾಗ್ಲು ತೆಗೆದಿಟ್ಕೊಂಡು ಏನ್ ಧ್ಯಾನ ಮಾಡ್ತಿದ್ದೀಯಾ?" ಎಂದು ಬೈಗುಳ ಬಂತು. ಸಂತೋಷದಿಂದ ಟೀ ಕುಡಿಯಲು ಹೋದರು.

ಸ್ಕ್ರಿಪ್ಟ್ ತನ್ನ ಪಾಡಿಗೆ ಮುಂದಿನ ಸಾಲಿಗೆ ಬಂತು. ಗಿರಾಕಿಗಳ ಪೊಟ್ಟಣ ಕಟ್ಟಿತು. ಅದಕ್ಕೂ ಅತ್ತೆಯ ದನಿಯೇ. ಗಿರಾಕಿಗಳ ಪೊಟ್ಟಣವನ್ನು ಯಂತ್ರವೇ ಪರೀಕ್ಷೆ ಮಾಡುತ್ತಿತ್ತು. ಗುಂಡಿಗೆ ತಕ್ಕ ತುಣುಕು ಇದೆಯೇ ಎಂದು ನೋಡುತ್ತಿತ್ತೇ ಹೊರತು ಆ ತುಣುಕಿನಲ್ಲಿ ಯಾರು ಯಾರನ್ನು ಬೈಯುತ್ತಿದ್ದಾರೆ ಎಂದು ಕೇಳುತ್ತಿರಲಿಲ್ಲ. ಮಾರನೆಯ ದಿನ ಆ ಪೊಟ್ಟಣ ತುಂಬಿದ ಹೊಸ ಕಾರ್ಡೊಂದು ದೊಡ್ಡ ಕಟ್ಟಡವೊಂದಕ್ಕೆ ಹೋಯಿತು. ಕೆಳಗೆ ಬಟ್ಟೆ ಅಂಗಡಿಗಳು, ಮೇಲೆ ಆಫೀಸುಗಳು, ಮೂರನೇ ಮಹಡಿಯಲ್ಲಿ ಕಣ್ಣಿನ ಆಸ್ಪತ್ರೆ. ಅಲ್ಲಿಯ ಎಲೆಕ್ಟ್ರಿಷಿಯನ್ ಕಾರ್ಡನ್ನು ಡಬ್ಬಿಗೆ ಸಿಕ್ಕಿಸಿ, ಹಸಿರು ದೀಪ ಹತ್ತಿದ್ದನ್ನು ನೋಡಿ, ಮೆಟ್ಟಿಲಿಳಿದು ಹೋದ.

ಊರಲ್ಲಿ ಕಣ್ಣಿನ ಆಸ್ಪತ್ರೆಗಳು ಬೇಕಾದಷ್ಟಿವೆ. ಆದರೆ ಅಕ್ಕನ ಗಂಡ ತಾಯಿಯನ್ನು ಕನ್ನಡಕದ ನಂಬರ್ ನೋಡಿಸಲು ಕರೆದುಕೊಂಡು ಬಂದದ್ದು ಅದೇ ಕಟ್ಟಡಕ್ಕೆ, ಅದೇ ದಿನ.

ಲಿಫ್ಟ್ ತುಂಬ ಜನ. ಬಾಗಿಲಲ್ಲಿ ಒಬ್ಬಾತ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಫೋನಿನಲ್ಲಿ ಮಾತಾಡುತ್ತಿದ್ದ.

"ಬಾಗ್ಲು ತೆಗೆದಿಟ್ಕೊಂಡು ಏನ್ ಧ್ಯಾನ ಮಾಡ್ತಿದ್ದೀಯಾ? ಮುಚ್ಚು ಮೊದ್ಲು!" ಎಂದಿತು ಲಿಫ್ಟ್.

ಆತ ಬೆಚ್ಚಿ ಒಳಗೆ ಜಿಗಿದ. ಅತ್ತೆ ಮೆಚ್ಚಿ ತಲೆದೂಗಿದರು. "ನೋಡು, ಸರಿಯಾಗಿ ಹೇಳಿದ್ಲು. ಹೀಗೆ ಹೇಳೋರು ಇರ್ಬೇಕು." ತಮ್ಮ ದನಿ ತಮಗೇ ಗುರುತು ಸಿಗಲಿಲ್ಲ, ಯಾರಿಗೂ ಸಿಗುವುದಿಲ್ಲ.

ಆತ ಜಿಗಿದದ್ದರಿಂದ ಭಾರ ಹೆಚ್ಚಾಯಿತು. "ಸಾಕು ಸಾಕು! ಒಂದೇ ಸಲಕ್ಕೆ ಎಷ್ಟು ಜನ ನುಗ್ತೀರಾ? ಕೊನೇಲಿ ಬಂದೋರು ಆಚೆ ನಡೀರಿ!"

ಎಲ್ಲರೂ ಅವನನ್ನೇ ನೋಡಿದರು. ಅವನು ತಲೆ ತಗ್ಗಿಸಿ ಇಳಿದುಹೋದ. ಮಗ ಮಾತ್ರ ಅವನನ್ನು ನೋಡಲಿಲ್ಲ. ‘ಸಾಕು ಸಾಕು’ ಎಂಬಲ್ಲಿ ಕೇಳಿದ ಎರಡು ಸಿಳ್ಳೆಗಳನ್ನೇ ಯೋಚಿಸುತ್ತಿದ್ದ. ಆ ಸಂದು ತನ್ನ ಕೈಕೆಲಸ. ಅಂಥ ಇನ್ನೊಂದು ಸಂದು ಲೋಕದಲ್ಲಿ ಇರಲಾರದು. ಅವನು ಮೆಲ್ಲಗೆ ತಾಯಿಯ ಬಾಯಿ ನೋಡಿದ. ಮುಚ್ಚಿತ್ತು.

"ಮತ್ತೆ ಮೇಲೆ ಹೊರಟ್ಯಾ? ಮೇಲೇನು ನಿಧಿ ಹೂತಿಟ್ಟಿದ್ದೀಯಾ?" ಎನ್ನುತ್ತ ಲಿಫ್ಟ್ ಏರಿತು. ಜನ ಮುಸಿಮುಸಿ ನಗತೊಡಗಿದರು. ಮೂರನೇ ಮಹಡಿ ಬಂತು. "ಅಯ್ಯೋ, ಮೂರನೇದು ಎಲ್ಲಿ ಹೋಯ್ತು?"

ಅತ್ತೆ ಹೌಹಾರಿದರು. "ಅಲ್ವೋ… ಇದು ನಮ್ಮ ದಿಂಬಿನ ಕವರ್ ಅಲ್ವೇನೋ!"

ಅಷ್ಟರಲ್ಲಿ ಹೊರಹೋಗುವ ನೂಕಾಟದಲ್ಲಿ ಯಾರದೋ ಚೀಲ ಗಂಟೆಯ ಗುಂಡಿಗೆ ತಗುಲಿತು. "ಹೆದರ್ಬೇಡ, ನಾನಿಲ್ಲೇ ಇದ್ದೀನಲ್ಲ" ಎಂದಿತು ಗೋಡೆ, ತೀರಾ ಮೆತ್ತಗೆ. ಅತ್ತೆಯ ಮುಖ ಕೆಂಪಗಾಯಿತು. ಮಗನ ಕೈ ಹಿಡಿದು ದರದರನೆ ಆಸ್ಪತ್ರೆಯೊಳಗೆ ನಡೆದರು.

ಅಕ್ಕನ ಫೋನ್ ಹೊಡೆದುಕೊಂಡಾಗ ನಾನು ಪಕ್ಕದ ಮೇಜಿನಲ್ಲೇ ಇದ್ದೆ. ಎಂದೂ ಫೋನ್ ಮಾಡದ ಗಂಡ.

"ಅಮ್ಮ ಲಿಫ್ಟಲ್ಲಿದ್ದಾಳೆ" ಎಂದ.

"ಅಯ್ಯೋ, ಸಿಕ್ಕಿಹಾಕ್ಕೊಂಡ್ರಾ?"

"ಇಲ್ಲ. ಒಬ್ಬಳು ಒಳಗೆ ಡಾಕ್ಟ್ರ ಹತ್ರ ಇದ್ದಾಳೆ. ಇನ್ನೊಬ್ಬಳು ಲಿಫ್ಟಲ್ಲಿದ್ದಾಳೆ."

ಅಕ್ಕನ ಮುಖದಲ್ಲಿ ಆ ಕ್ಷಣ ಕಂಡದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಅರ್ಧ ಮುಖಕ್ಕೆ ಗಾಬರಿ, ಇನ್ನರ್ಧಕ್ಕೆ ತಡೆಯಲಾರದ ನಗು. ಫೋನ್ ಇಟ್ಟು ಸ್ಕ್ರಿಪ್ಟ್ ತೆರೆದಳು. ಒಡೆದ ಸಾಲು ಕಂಡಿತು. ಯಾರು ತಿದ್ದಿದ್ದೆಂದು ಕಂಪ್ಯೂಟರ್ ಪಕ್ಕದಲ್ಲೇ ಹೇಳುತ್ತಿತ್ತು.

"ಮೇಷ್ಟ್ರೇ, ಸ್ವಲ್ಪ ಬನ್ನಿ."

ಮೇಷ್ಟ್ರು ಬಂದರು. ವಿಷಯ ಕೇಳಿ ತರಗತಿಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ನಿಂತರು.

"ನಾನು ಬರೀ ಸಾಲು ಒಡೆದೆ ಅಷ್ಟೇ ಅಮ್ಮ…"

"ಒಂದೇ ಸಾಲಲ್ಲಿದ್ದಾಗ ಅದು ಒಬ್ಬರ ಕಿವೀಲಿ ಹೇಳಿದ ಮಾತು ಮೇಷ್ಟ್ರೇ. ನೀವು ಮೈಕ್ ಹಿಡ್ಕೊಂಡು ಹೇಳ್ಬಿಟ್ರಿ. ಹಿಂದೆ ಬಂದೋರೆಲ್ಲ ಕೇಳಿಸ್ಕೊಂಡ್ರು."

ಮೇಷ್ಟ್ರು ಯೋಚಿಸಿದರು. ಆಮೇಲೆ ಕನ್ನಡಕ ಒರೆಸುತ್ತ, "ಒಪ್ಪಿದೆ. ಆದ್ರೆ ಇದನ್ನ ಒಡೀಬೇಡಿ ಅಂತ ಅಲ್ಲೇ ಮೇಲೆ ಒಂದು ಮಾತು ಬರೆದಿಡಬಹುದಿತ್ತಲ್ಲ? ಗಾದೆ ಬರೆಯೋದಕ್ಕೆ ಪುರುಸೊತ್ತಿತ್ತು" ಎಂದರು.

ಅಕ್ಕ ಹೌದೆಂದು ತಲೆಯಾಡಿಸಿದಳು. ಇದೂ ಅಪರೂಪವೇ.

ಕಟ್ಟಡದ ಮಾಲೀಕನ ಕರೆ ಮ್ಯಾನೇಜರಿಗೆ ಬಂದದ್ದು ಆಗ. ಅವರು ಫೋನನ್ನು ಕಿವಿಯಿಂದ ಮೊಳದೂರ ಹಿಡಿದುಕೊಂಡು ನಮ್ಮ ಕಡೆ ಬಂದರು. ಆದದ್ದನ್ನೆಲ್ಲ ಅಕ್ಕ ಮುಚ್ಚುಮರೆಯಿಲ್ಲದೆ ಹೇಳಿದಳು. ಸಾಲನ್ನು ಮತ್ತೆ ಒಂದು ಮಾಡಿದಳು, ಒಡೆಯಬಾರದೆಂಬ ಮಾತನ್ನು ಮೇಲೆ ಬರೆದಳು, ಗಿರಾಕಿಗಳ ಪೊಟ್ಟಣ ಕಟ್ಟುವ ಮುನ್ನ ಹಿಂದಿನ ದನಿ ಏನಾದರೂ ಉಳಿದಿದ್ದರೆ ಅಳಿಸಿಹಾಕುವ ಇನ್ನೊಂದು ಆಜ್ಞೆಯನ್ನೂ ಸೇರಿಸಿದಳು. ಹೊಸ ಕಾರ್ಡ್ ಕೂಡಲೇ ಹೊರಟಿತು. ಮ್ಯಾನೇಜರು ನಿಟ್ಟುಸಿರುಬಿಟ್ಟು ಕೇಳಿದರು:

"ಆ ದನಿ ಯಾರದ್ದು?"

"ಒಬ್ಬ ಹಿರಿಯ ಕಲಾವಿದೆ ಸರ್."

"ಅವರ ಒಪ್ಪಿಗೆ ತಗೊಂಡಿದ್ದೀರಾ?"

ಅಕ್ಕ ಮೇಲೆ ಪಂಖ ನೋಡಿದಳು.

"ನಾಳೆ ಒಳಗೆ ಒಪ್ಪಿಗೆ ಬರ್ಬೇಕು. ಇಲ್ಲಾಂದ್ರೆ ಪರೀಕ್ಷೆ ಕೋಣೆಯಿಂದಲೂ ತೆಗೀರಿ" ಎಂದರು ಮ್ಯಾನೇಜರು.

ಮನೆಯಲ್ಲಿ ಅತ್ತೆ ಏನೂ ಆಗದವರಂತೆ ಬಟ್ಟೆ ಮಡಿಸುತ್ತಿದ್ದರು. ಬೈಗುಳವಿಲ್ಲ, ಸಿಳ್ಳೆಯಿಲ್ಲ. ಆ ಮೌನಕ್ಕಿಂತ ಎರಡು ಏಟು ಕೊಟ್ಟಿದ್ದರೆ ವಾಸಿಯಿತ್ತು ಎಂದು ಅಕ್ಕ ಆಮೇಲೆ ನನಗೆ ಹೇಳಿದಳು.

"ಅತ್ತೆ, ಕಣ್ಣಿಗೆ ಏನಂದ್ರು?"

"ಕಣ್ಣು ಚೆನ್ನಾಗಿದೆಯಂತೆ. ಕಿವಿ ಇನ್ನೂ ಚೆನ್ನಾಗಿದೆ."

ಅಕ್ಕ ಚಾಪೆಯ ಮೇಲೆ ಎದುರಿಗೆ ಕೂತು, ಒಂದು ಬಟ್ಟೆ ಎತ್ತಿಕೊಂಡು, ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ಆಫೀಸಿನೋರು ನಿಮ್ಮ ಒಪ್ಪಿಗೆ ಕೇಳ್ತಿದ್ದಾರೆ ಅತ್ತೆ."

"ಯಾವುದಕ್ಕೆ?"

"ಅದೇ… ದನಿಗೆ."

"ಯಾವ ದನಿ? ನಂಗೇನು ಗೊತ್ತು? ಏನೇನು ಹೇಳಿದ್ದೀನಿ ಅದ್ರಲ್ಲಿ, ಹೇಳು ನೋಡೋಣ."

ಅಕ್ಕ ಮೆಲ್ಲಗೆ ಹೇಳತೊಡಗಿದಳು. "ಹಾಗಲ್ಲ, ನಾನು ಹೇಳೋ ಹಾಗೆ ಹೇಳು" ಎಂದರು ಅತ್ತೆ. ಅಕ್ಕ ಬಾಗಿಲಿನದನ್ನು ಬೈದು ತೋರಿಸಿದಳು, ಮೇಲೇರುವುದನ್ನು ಬೈದಳು, ನೆಂಟರನ್ನು ಬೈದಳು. "ಸಾಕು ಸಾಕು ಅನ್ನೋವಾಗ ಸಿಳ್ಳೆ ಎಲ್ಲಿ?" ಅಕ್ಕ ಸಿಳ್ಳೆಯನ್ನೂ ಹಾಕಿದಳು. ಒಳಗಿನ ಕೋಣೆಯಲ್ಲಿ ಗಂಡ ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದುದು ಇಬ್ಬರಿಗೂ ಕೇಳುತ್ತಿತ್ತು.

ಕೊನೆಗೆ ಅತ್ತೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. "ಬೈದಿದ್ದು ಹಾಕ್ಕೊಳ್ಳಲಿ, ನಂಗೇನೂ ಬೇಜಾರಿಲ್ಲ. ಅಷ್ಟು ಜನ ಎದುರಿಗೆ ಬೈಸ್ಕೊಂಡ್ರಲ್ಲ, ಮನಸ್ಸಿಗೆ ಹಿತವಾಗೇ ಇತ್ತು. ಆದ್ರೆ ಆ ಹಲ್ಲಿ ಬಿದ್ದ ದಿನದ್ದು ಯಾಕೆ ಹಾಕ್ದೆ?"

"ಅದು ಚೆನ್ನಾಗಿತ್ತು ಅತ್ತೆ."

"ಚೆನ್ನಾಗಿದ್ರೆ ನೀನು ಕೇಳ್ಕೋ. ನಾನು ಮೆತ್ತಗಿದ್ದೀನಿ ಅಂತ ಬೀದಿಗೆಲ್ಲ ಡಂಗುರ ಸಾರ್ಬೇಕಾ? ನಾಳೆಯಿಂದ ನನ್ ಮಾತು ಯಾರು ಕೇಳ್ತಾರೆ?" ಹೇಳುವಾಗ ಮುಖ ಆಚೆ ತಿರುಗಿಸಿಕೊಂಡಿದ್ದರು. "ಅದೊಂದು ತೆಗೆದ್ಬಿಡು. ಮಿಕ್ಕಿದ್ದಕ್ಕೆ ಒಪ್ಪಿಗೆ. ಆದ್ರೆ ಕದ್ದು ಹಿಡಿದಿದ್ದು ಬೇಡ, ನೆಗಡಿ ಇದ್ದಾಗಿನ ದನಿ ಅದು. ನಾನೇ ಬಂದು ಸರಿಯಾಗಿ ಬೈತೀನಿ."

ಹಾಗೆ ಅತ್ತೆ ನಮ್ಮ ಆಫೀಸಿಗೆ ಬಂದರು. ಇಸ್ತ್ರಿ ಸೀರೆ, ಹೊಸ ಕನ್ನಡಕ. ಮ್ಯಾನೇಜರು ಬಾಗಿಲ ತನಕ ಬಂದು ಕರೆದುಕೊಂಡು ಹೋದರು. ಧ್ವನಿಮುದ್ರಣದ ಕೋಣೆಯಲ್ಲಿ ಮೈಕಿನ ಮುಂದೆ ಕೂರಿಸಿ, ಕೆಂಪು ದೀಪ ಹತ್ತಿಸಿ, "ಶುರು ಮಾಡಿ ಅಮ್ಮಾ" ಎಂದೆವು.

ಅತ್ತೆ ಗಂಟಲು ಸರಿಮಾಡಿಕೊಂಡರು. "ದಯವಿಟ್ಟು… ಬಾಗಿಲನ್ನು… ಮುಚ್ಚಬೇಕಾಗಿ ವಿನಂತಿ."

ನಾವು ಮುಖ ಮುಖ ನೋಡಿಕೊಂಡೆವು. ಇನ್ನೊಮ್ಮೆ ಕೇಳಿದರೆ, "ತಾವೆಲ್ಲರೂ ಒಬ್ಬೊಬ್ಬರಾಗಿ ಬಂದರೆ ಅನುಕೂಲ." ಮೈಕ್ ಕಂಡದ್ದೇ ತಡ, ಆ ಬಾಯಿಗೆ ಎಲ್ಲಿಲ್ಲದ ಸಭ್ಯತೆ ಬಂದುಬಿಟ್ಟಿತ್ತು. "ಮನೇಲಿ ಬೈತೀರಲ್ಲ ಅತ್ತೆ, ಹಾಗೆ" ಎಂದಳು ಅಕ್ಕ. "ಸುಮ್ಸುಮ್ನೆ ಯಾರನ್ನಾದ್ರೂ ಹೇಗೆ ಬೈಯೋದು? ನಂಗೇನು ಹುಚ್ಚಾ?" ಎಂದರು ಅತ್ತೆ. ಅವರ ಮಾತೂ ನ್ಯಾಯವೇ.

ಅಕ್ಕ ಒಂದು ಕ್ಷಣ ಯೋಚಿಸಿ ಹೊರಗೆ ಹೋದಳು. ಕಾರಣ ಹೇಳದೆ, ಕರೆಯುತ್ತಿದ್ದಾರೆ ಎಂದಷ್ಟೇ ಹೇಳಿ ಮೇಷ್ಟ್ರನ್ನು ಕಳಿಸಿ, ತಾನೂ ಅವರ ಬೆನ್ನ ಹಿಂದೆ ಬಂದು ನಿಂತಳು. ಮೇಷ್ಟ್ರು ಬಾಗಿಲು ತೆರೆದು, ಹೊಸ್ತಿಲ ಮೇಲೆ ನಿಂತು, ಒಳಗಿರುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತ, ತಮ್ಮನ್ನು ಕರೆದವರು ಯಾರೆಂದು ಯೋಚಿಸತೊಡಗಿದರು. ಕೋಣೆಯ ತಂಪೆಲ್ಲ ಆಚೆ ಹೋಗುತ್ತಿತ್ತು. ಮೇಷ್ಟ್ರು ಗೋಡೆಯ ಮೇಲಿನ ಗಡಿಯಾರ ಸೊಟ್ಟಗಿರುವುದನ್ನು ಗಮನಿಸಿ ಅದರ ಕಡೆ ಕತ್ತು ವಾಲಿಸಿದರು.

"ಏನಪ್ಪಾ, ಬಾಗ್ಲು ತೆಗೆದಿಟ್ಕೊಂಡು ಗಡಿಯಾರಕ್ಕೆ ಕತ್ತು ಕೊಡ್ತಾ ನಿಂತಿದ್ದೀಯಾ? ಓದಿರೋ ಹಾಗೆ ಕಾಣ್ತೀಯಾ! ಒಳಗೆ ಬಾ, ಇಲ್ಲಾ ಆಚೆ ಹೋಗು, ಸೋರಿ ಹೋಗ್ತಿರೋ ತಂಪು ನಿಮ್ಮಪ್ಪ ತಂದು ತುಂಬ್ತಾನಾ?"

ಸಿಳ್ಳೆ ಸ್ಪಷ್ಟವಾಗಿ ಬಂತು. ಮೇಷ್ಟ್ರು ಬಾಗಿಲು ಮುಚ್ಚಿದರು, ಆದರೆ ಗಾಬರಿಯಲ್ಲಿ ತಮ್ಮನ್ನು ಒಳಗಿಟ್ಟು ಮುಚ್ಚಬೇಕೋ ಹೊರಗಿಟ್ಟೋ ತಿಳಿಯದೆ ಮತ್ತೆ ತೆರೆದರು. ಅಲ್ಲಿಗೆ ಕಟ್ಟೆ ಒಡೆಯಿತು. ನಮಗೆ ಬೇಕಿದ್ದದ್ದು ಒಂದು ತುಣುಕು. ಸಿಕ್ಕಿದ್ದು ಇಡೀ ಕಟ್ಟಡಕ್ಕಾಗುವಷ್ಟು.

ಆ ಮುದ್ರಣದಲ್ಲಿ ಒಂದೇ ಒಂದು ದೋಷ. ಅತ್ತೆ ಉಸಿರು ತೆಗೆದುಕೊಳ್ಳಲು ನಿಲ್ಲುವಲ್ಲಿ ಹಿಂದೆ ಯಾರೋ ಕಿಸಕ್ಕನೆ ನಗುವುದು ಕೇಳಿಸುತ್ತದೆ. ಅದನ್ನು ಕತ್ತರಿಸಿ ತೆಗೆಯಬಹುದಿತ್ತು. ಮೇಷ್ಟ್ರು ಅಚ್ಚುಕಟ್ಟಿನ ದೃಷ್ಟಿಯಿಂದ ತೆಗೆಯಲೇಬೇಕೆಂದು ವಾದಿಸಿದರು. ಅತ್ತೆ ಬಿಡಲಿಲ್ಲ. "ಇರ್ಲಿ ಬಿಡಿ" ಎಂದರು, "ಮನೇಲೂ ಅವಳು ಹೀಗೇ ನಗೋದು. ಅದಿಲ್ದೆ ನಂಗೆ ಬೈಯೋಕೆ ಬರಲ್ಲ."